ಪಾಲುದಾರನ ತಿರುವು

ಪಾಲುದಾರ ಎಂದರೆ ಯಾರೋ ಮಂಡಿ ವ್ಯಾಪಾರಿ ಅಂದುಕೊಳ್ಳಬೇಡಿ. ಅವನೊಂದು ಸಲಗ. ಬಲಗಿವಿ ಅರ್ಧ ಹರಿದಿದೆ, ವಯಸ್ಸು ಇಪ್ಪತ್ತರ ಆಸುಪಾಸು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ ಪುಣಜನೂರು ಚೆಕ್‌ಪೋಸ್ಟ್ ದಾಟಿ ಎರಡು ಕಿಲೋಮೀಟರ್ ಕಾಡಿನೊಳಗೆ ಹೋದರೆ ಒಂದು ತಿರುವಿದೆ. ಕಬ್ಬಿನ ಲಾರಿಗಳು ಬರುವ ಹೊತ್ತಿಗೆ ಅವನು ಅಲ್ಲಿ ಹಾಜರು. ಲಾರಿಯವರು ಒಂದು ಜಲ್ಲೆ ಎಸೆಯುತ್ತಾರೆ, ಅವನು ದಾರಿ ಬಿಡುತ್ತಾನೆ. ಪ್ರತಿ ಲೋಡಿನಲ್ಲೂ ಪಾಲು ತೆಗೆದುಕೊಳ್ಳುವವನಿಗೆ ಡ್ರೈವರುಗಳು ಇಟ್ಟ ಹೆಸರು ಅದು.

ನಾನು ಆ ಗಸ್ತಿನ ಅರಣ್ಯ ಪಾಲಕಿ, ಶಿವರಂಜಿನಿ. ಜನರ ಬಾಯಲ್ಲಿ ಗಾರ್ಡಮ್ಮ. ಗಾರ್ಡಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಭಾನುವಾರ ಬೆಳಿಗ್ಗೆ ಬಂದು ನೋಡಿ, ನಾನು ಬೇರೆಯೇ ಮನುಷ್ಯಳು. ಆವತ್ತು ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮೇಷ್ಟ್ರುಗಳು, ಬ್ಯಾಂಕಿನವರು, ಮಕ್ಕಳು ಮರಿ ಕಟ್ಟಿಕೊಂಡ ಅಮ್ಮಂದಿರು ಕಾಡು ನಡಿಗೆಗೆ ಬರುತ್ತಾರೆ. ಅವರನ್ನು ಗುಡ್ಡದ ಮೇಲಿನ ವೀಕ್ಷಣಾ ಗೋಪುರಕ್ಕೆ ಹತ್ತಿಸಿ, ಕೈಗೆ ದುರ್ಬೀನು ಕೊಟ್ಟು, "ಈ ಕಾಡು ನಿಮ್ದು, ಅದಕ್ಕೇ ದೂರದಿಂದ ನೋಡಿ" ಎನ್ನುತ್ತೇನೆ. ದೂರದಲ್ಲಿ ಒಂದು ಆನೆ ಬಿದಿರು ಮುರಿಯುವುದನ್ನು ನೋಡಿ ಬಾಯಿ ಬಿಟ್ಟ ಮಕ್ಕಳ ಮುಖ ಕಂಡರೆ ವಾರದ ದಣಿವು ಇಳಿಯುತ್ತದೆ. ಆದರೆ ಎರಡು ವರ್ಷದಿಂದ ಆ ಬಿದಿರು ಮೆಳೆಯಲ್ಲಿ ಪಾಲುದಾರ ಒಮ್ಮೆಯೂ ಕಂಡಿರಲಿಲ್ಲ. ಅವನಿಗೆ ರಸ್ತೆಯೇ ಅಡುಗೆಮನೆಯಾಗಿತ್ತು.

ಗಂಡಾಂತರ ಬಂದದ್ದು ಒಂದು ಕಾರಿನಿಂದ. ಯಾರೋ ಪ್ರವಾಸಿಗರು ತಿರುವಿನಲ್ಲಿ ಕಾರು ನಿಲ್ಲಿಸಿ, ಕಿಟಕಿಯಿಂದ ಬ್ರೆಡ್ಡು ಚಾಚಿ ವಿಡಿಯೋ ಮಾಡಿದರು. ಬ್ರೆಡ್ಡು ಮುಗಿಯಿತು, ಪಾಲುದಾರನ ಹಸಿವು ಮುಗಿಯಲಿಲ್ಲ. ಕಾರಿನ ಮುಂದಿನ ಗಾಜು ಪುಡಿಯಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ವಿಡಿಯೋ ಊರೂರು ತಿರುಗಿತು.

ಮರುದಿನ ನಮ್ಮ ವಲಯ ಅರಣ್ಯಾಧಿಕಾರಿ ಸಾಹೇಬರು ಜೀಪಿನಲ್ಲಿ ಬಂದರು. ಕೆಟ್ಟವರಲ್ಲ, ಮೇಲಿನಿಂದ ಅವರಿಗೂ ಒತ್ತಡ. "ಶಿವರಂಜಿನಿ, ಮೂವತ್ತು ದಿನ ನೋಡ್ತೀನಿ. ಅಷ್ಟರಲ್ಲಿ ಅದು ಇನ್ನೊಂದು ಗಾಡಿಗೆ ಸೊಂಡಿಲು ಹಾಕಿದ್ರೆ ಹಿಡಿಯೋಕೆ ಅಂತ ಮೇಲಕ್ಕೆ ಬರೀಲೇಬೇಕಾಗುತ್ತೆ" ಎಂದರು.

ಹಿಡಿಯುವುದೆಂದರೆ ಏನೆಂದು ನಾನು ಕಣ್ಣಾರೆ ನೋಡಿದ್ದೇನೆ. ಮತ್ತಿನ ಚುಚ್ಚುಮದ್ದು, ನಾಲ್ಕು ಸಾಕಾನೆ, ಹಗ್ಗ, ಲಾರಿ. ಆಮೇಲೆ ದಪ್ಪ ಮರದ ದಿಮ್ಮಿಗಳ ದೊಡ್ಡಿಯೊಳಗೆ ತಿಂಗಳುಗಟ್ಟಲೆ. ಆಮೇಲೆ ಕಾಲಿಗೆ ಸರಪಳಿ, ಸಾಯುವವರೆಗೆ. ಒಂದು ಜಲ್ಲೆ ಕಬ್ಬಿಗೆ ಈ ಶಿಕ್ಷೆಯೇ? ಎಸೆದವರು ನಾವು, ಸರಪಳಿ ಅವನಿಗೆ. ಇದು ಆಗಲು ಬಿಡುವುದಿಲ್ಲ ಎಂದು ಆವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಚೆಕ್‌ಪೋಸ್ಟಿನ ಗೇಟನ್ನು ರಾತ್ರಿ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆಗೆಯುತ್ತಾರೆ. ಲಾರಿಗಳು ಐದೂವರೆಗೇ ಸಾಲು ನಿಂತಿರುತ್ತವೆ. ಮೊದಲ ವಾರ ನಾನು ಆ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರಿಗೂ ಹೇಳಿದೆ. ಬೋರ್ಡು ನೆಟ್ಟೆ. ಎಸೆದವರ ಮೇಲೆ ಕೇಸು ಬರೆದೆ. ಗಂಟಲು ಹರಿಯುವಂತೆ ಕೂಗಿದೆ. ಎಲ್ಲರೂ "ಆಯ್ತು ಮೇಡಂ" ಎಂದು ತಲೆಯಾಡಿಸಿ, ತಿರುವಿನಲ್ಲಿ ನನ್ನ ಬೆನ್ನು ಕಂಡ ತಕ್ಷಣ ಎಸೆದು ಹೋದರು.

ಕೊನೆಗೆ ಅಪ್ಸರ್ ಪಾಷಾ ಬಾಯಿಬಿಟ್ಟರು. ಚಾಮರಾಜನಗರ ಪೇಟೆಯವರು, ಸ್ವಂತ ಲಾರಿ, ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ನನ್ನನ್ನು ನೋಡಿದವರು.

"ಬೇಜಾರಾಗ್ಬ್ಯಾಡಿ ಮೇಡಂ. ನಮ್ಗೆಲ್ಲ ಬಯ್ಯೋ ಮುಂಚೆ ನಿಮ್ಮಪ್ಪಾರಿಗೆ ಹೇಳಿ. ಹೇಳೋದು ಆಚಾರ, ತಿನ್ನೋದು ಬದ್ನೆಕಾಯಿ ಅಂತ ಉಡುಗ್ರು ನಗ್ತಾವ್ರೆ."

ಸಾಲಿನಲ್ಲಿ ಯಾರೋ ನಿಜವಾಗಿಯೂ ನಕ್ಕರು. ನನ್ನ ಮುಖ ಕೆಂಪಾಯಿತು, ಏಕೆಂದರೆ ಅವರು ಹೇಳಿದ್ದು ಸತ್ಯ.

ಆ ತಿರುವಿನಲ್ಲಿ ಮೊಟ್ಟಮೊದಲ ಜಲ್ಲೆ ಎಸೆದವನು ನನ್ನ ಅಪ್ಪ, ಹರವೆಯ ಮಹದೇವಯ್ಯ. ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಅವನು ಕಬ್ಬಿನ ಲಾರಿ ಓಡಿಸುತ್ತಿದ್ದ, ರಸ್ತೆಗೆ ರಾತ್ರಿ ಗೇಟೂ ಹಾಕುತ್ತಿರಲಿಲ್ಲ. ಮಳೆಗಾಲದ ಒಂದು ಬೆಳಗಿನ ಜಾವ ಮಂಜಿನಲ್ಲಿ ಒಂದು ಹೆಣ್ಣಾನೆ ಮರಿಯ ಸಮೇತ ರಸ್ತೆಗೆ ಅಡ್ಡ ನಿಂತಿತ್ತು. ಹಾರ್ನಿಗೆ ಜಗ್ಗಲಿಲ್ಲ, ಲೈಟಿಗೆ ಜಗ್ಗಲಿಲ್ಲ. ಅಪ್ಪ ಅರ್ಧ ಗಂಟೆ ಬಯ್ಯುತ್ತಾ ಕೂತ. ಆನೆ ಸರಿದ ಮೇಲೆ ಹತ್ತು ಮಾರು ಮುಂದೆ ಹೋದರೆ, ನೀರಿನ ರಭಸಕ್ಕೆ ಮೋರಿ ಕೊಚ್ಚಿಹೋಗಿ ರಸ್ತೆಯೇ ಇರಲಿಲ್ಲ. ಆ ಆನೆ ಇಲ್ಲದಿದ್ದರೆ ಲೋಡು ಲಾರಿ ಅಪ್ಪನ ಸಮೇತ ಹಳ್ಳದಲ್ಲಿ. ನನಗಾಗ ಏಳು ವರ್ಷ.

ಅಪ್ಪ ಅಲ್ಲೇ ಹರಕೆ ಹೊತ್ತ. ಈ ದಾರಿಯಲ್ಲಿ ಹೋಗುವಾಗೆಲ್ಲ ಒಂದು ಜಲ್ಲೆ. ನೋಡಿದ ಬೇರೆ ಡ್ರೈವರುಗಳೂ ಶುರು ಮಾಡಿದರು. ಜಲ್ಲೆ ಎಸೆದರೆ ದಾರಿ ಸುಖ ಎಂಬ ನಂಬಿಕೆ ಗಟ್ಟಿಯಾಯಿತು. ಅಪ್ಪ ಈಗ ಲಾರಿ ಬಿಟ್ಟು ಹೊಲ ನೋಡಿಕೊಂಡಿದ್ದಾನೆ. ಆದರೂ ಸೋಮವಾರ ಬಂತೆಂದರೆ ಕೆಂಪು ಟವಲಿನಲ್ಲಿ ಜಲ್ಲೆ ಸುತ್ತಿಕೊಂಡು, ಹರವೆಯಿಂದ ಎರಡು ಬಸ್ಸು ಬದಲಾಯಿಸಿ, ತಿರುವಿಗೆ ಬಂದೇ ಬರುತ್ತಾನೆ. ಆವತ್ತು ತಾಯಿಯ ಕಾಲ ಸಂದಿಯಲ್ಲಿದ್ದ ಮರಿಯೇ ಪಾಲುದಾರ ಎಂಬುದು ಅವನ ದೃಢ ನಂಬಿಕೆ.

ಆ ಸಂಜೆ ರಜೆ ಹಾಕಿ ಊರಿಗೆ ಹೋದೆ. ಅಪ್ಪ ಜಗಲಿಯಲ್ಲಿ ಕೂತು ಕುಡುಗೋಲಿಗೆ ಸಾಣೆ ಹಿಡಿಯುತ್ತಿದ್ದ.

"ಅಪ್ಪಾ, ಸೋಮ್ವಾರ ನೀನು ಬರಬ್ಯಾಡ."

"ಅಂಗಂದ್ರ ಹೆಂಗಮ್ಮಿ? ಅರಕೆ ಕಣಮ್ಮಿ ಅದು. ನಿನ್ನ ಓದ್ಸಿದ್ದು ಆ ಲಾರಿ. ಆ ಲಾರಿ ಉಳ್ಸಿದ್ದು ಅವರವ್ವ."

"ಅದಕ್ಕೇ ಅವಳ ಮಗನ ಕಾಲಿಗೆ ಸರಪಳಿ ಹಾಕಿಸ್ತೀಯಾ?"

ಕುಡುಗೋಲು ನಿಂತಿತು. ಮೂವತ್ತು ದಿನದ ಮಾತು ಹೇಳಿದೆ. ಅಪ್ಪ ಕುಡುಗೋಲನ್ನು ಪಕ್ಕಕ್ಕಿಟ್ಟ. ಅವನ ಕಣ್ಣಲ್ಲಿ ಹಟ ಇರಲಿಲ್ಲ, ಭಯ ಇತ್ತು. "ಅರಕೆ ಮುರುದ್ರೆ ಮನೆಗೆ ಒಳ್ಳೇದಾಗಕಿಲ್ಲ ಕಣಮ್ಮಿ. ನಂಗೇನಾರ ಆಗ್ಲಿ, ನೀನು ದಿನಾ ಆ ಕಾಡಲ್ಲಿ ತಿರುಗ್ತೀಯಲ್ಲ" ಎಂದ.

ಆಗ ನನಗೊಂದು ಭಾರೀ ಬುದ್ಧಿವಂತಿಕೆ ಹೊಳೆಯಿತು. ಹರಕೆ ಬದಲಿಸಬೇಕಾದರೆ ನಮ್ಮ ಕಡೆ ದೇವರ ಹತ್ತಿರ ಹೂ ಕೇಳುತ್ತಾರೆ. ಮಾದಪ್ಪನ ಮೂರ್ತಿಯ ಎರಡು ಕಡೆ ಒದ್ದೆ ಹೂವಿಟ್ಟು ಕೈಮುಗಿದು ನಿಲ್ಲುವುದು. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ ಆಯಿತು, ಎಡಗಡೆಯದು ಬಿದ್ದರೆ ಆಗಲಿಲ್ಲ. ನನ್ನ ಮದುವೆ ಮುಂದಕ್ಕೆ ಹಾಕಿ ಕೆಲಸಕ್ಕೆ ಸೇರಲು ಕೇಳಿದಾಗಲೂ ಮಾದಪ್ಪ ಬಲಗಡೆಯೇ ಕೊಟ್ಟಿದ್ದ. ನಮ್ಮ ಮಾದಪ್ಪ ಹುಲಿಯ ಮೇಲೆ ಕೂತವನು, ಕಾಡಿನ ದೇವರು. ಆನೆಯ ವಿಷಯದಲ್ಲಿ ನನ್ನ ಕಡೆ ಇರದೆ ಎಲ್ಲಿಗೆ ಹೋಗುತ್ತಾನೆ? "ಹೂ ಕೇಳನ ಅಪ್ಪಾ" ಎಂದೆ. ಅಷ್ಟಕ್ಕೇ ಬಿಡದೆ, ಅಪ್ಸರಣ್ಣನಿಗೂ ಐದಾರು ಡ್ರೈವರುಗಳಿಗೂ ಬಂದು ಕಣ್ಣಾರೆ ನೋಡಿ ಎಂದು ಹೇಳಿ ಕಳಿಸಿದೆ.

ಶುಕ್ರವಾರ ಬೆಳಿಗ್ಗೆ ಹರವೆಯ ಮಾದಪ್ಪನ ಗುಡಿಯಲ್ಲಿ ಎಲ್ಲರೂ ಸೇರಿದರು. ಅಪ್ಸರಣ್ಣ ಚಪ್ಪಲಿ ಬಿಟ್ಟು ಹೊರಗಿನ ಕಲ್ಲಿನ ಮೇಲೆ ಕೂತರು. ಪೂಜೆ ಮಾಡುವ ತಮ್ಮಡಿ ಹೂವಿಗೆ ನೀರು ಅದ್ದುವಾಗ, "ಬಲಗಡೆದು ಸ್ವಲ್ಪ ಸಡಿಲವಾಗಿ ಇಡಿ ಸ್ವಾಮಿ" ಎಂಬ ಮಾತು ನನ್ನ ನಾಲಗೆ ತುದಿಗೆ ಬಂದಿತ್ತು. ನಾಚಿಕೆಯಾಗಿ ನುಂಗಿಕೊಂಡೆ. ಅಪ್ಪ ಕಣ್ಣುಮುಚ್ಚಿ ಕೇಳಿದ, "ಜಲ್ಲೆ ಕೊಡಾದ ಬುಟ್ಬುಡ್ಲಾ ನನ್ನಪ್ಪಾ?"

ಒಂದು ನಿಮಿಷ. ಎರಡು ನಿಮಿಷ. ಎಡಗಡೆಯ ಹೂ ಬಿತ್ತು.

ಡ್ರೈವರುಗಳು "ಉಘೇ ಮಾದಪ್ಪ" ಎಂದು ಕೈಮುಗಿದರು. ಅಪ್ಪ ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲ ಡ್ರೈವರುಗಳ ಮೊಬೈಲಿಗೂ ಹೋಗಿತ್ತು. ಇಷ್ಟು ದಿನ ಕದ್ದು ಎಸೆಯುತ್ತಿದ್ದವರು ಮರುದಿನ ನನ್ನ ಎದುರೇ, ದೇವರ ಅಪ್ಪಣೆ ಎಂದು ಹೇಳಿ, ಎರಡೆರಡು ಜಲ್ಲೆ ಎಸೆದರು. ನನ್ನ ಬುದ್ಧಿವಂತಿಕೆಗೆ ನನ್ನ ಚಪ್ಪಲಿಯಿಂದಲೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಆದರೂ ಬಿಡಲಿಲ್ಲ. ದೇವರು ಬೇಡ ಎಂದರೂ ನನ್ನ ಕೆಲಸ ನನ್ನದು. ಮಾದಪ್ಪನ ಹತ್ತಿರ ಆಮೇಲೆ ಮಾತಾಡಿಕೊಳ್ಳುತ್ತೇನೆ ಎಂದು, ಗೇಟು ತೆಗೆಯುವ ಮುಂಚೆಯೇ ಜೀಪಿನಲ್ಲಿ ತಿರುವಿಗೆ ಹೋಗಿ ನಿಲ್ಲತೊಡಗಿದೆ. ಎಸೆದ ಜಲ್ಲೆಯನ್ನು ಪಾಲುದಾರ ಬರುವ ಮುಂಚೆ ಆಯ್ದು ಜೀಪಿಗೆ ತುಂಬುವುದು, ತಿರುವು ಬಿಟ್ಟು ಊರಿಗೆ ಸಾಗಿಸುವುದು. ಬೆನ್ನು ಬಿದ್ದುಹೋಗುವಷ್ಟು ಕೆಲಸ. ಸಾಹೇಬರು ಕೊಟ್ಟ ಮೂವತ್ತರಲ್ಲಿ ಹನ್ನೆರಡು ದಿನ ಕಳೆದವು.

ಹದಿಮೂರನೆಯ ದಿನ ಸೋಮವಾರ. ಒಂಬತ್ತರ ಬಸ್ಸಿನಿಂದ ಅಪ್ಪ ಇಳಿದ. ಕಂಕುಳಲ್ಲಿ ಕೆಂಪು ಟವಲು. ಅದೇ ಹೊತ್ತಿಗೆ ತಿರುವಿನಲ್ಲಿ ಒಂದು ಕಾರು ನಿಂತಿತ್ತು. ಹೊಸದಾಗಿ ಮದುವೆಯಾದ ಜೋಡಿ, ಹುಡುಗಿಯ ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ. ಗಂಡ ಅವಳನ್ನು ಕಾಡಿಗೆ ಬೆನ್ನು ಹಾಕಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ನಾನು ಬಯ್ಯಲು ಅವರತ್ತ ಓಡುತ್ತಿದ್ದೆ. ಆಗಲೇ ಲಂಟಾನದ ಪೊದೆ ಸರಿಸಿ ಪಾಲುದಾರ ಬಂದ.

ಹುಡುಗಿಗೂ ಅವನಿಗೂ ಇಪ್ಪತ್ತು ಹೆಜ್ಜೆ. ಮಳೆ ಬಿದ್ದು ದಾರಿಯುದ್ದಕ್ಕೂ ಎಳೆ ಬಿದಿರು ಚಿಗುರಿತ್ತು. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅವನ ಕಣ್ಣು ಅಪ್ಪನ ಟವಲಿನ ಮೇಲಿತ್ತು. ಅಪ್ಪನಿಗೂ ಅವನಿಗೂ ನಡುವೆ ಆ ಹುಡುಗಿ. ಅವಳು ಕಾರಿಗೆ ಅಂಟಿಕೊಂಡಳು. ಅವನು ಸೊಂಡಿಲು ಎತ್ತಿ ನೇರ ಬಂದ.

"ಅಪ್ಪಾ, ಕಾಡೊಳಕ್ಕೆ ಎಸಿ! ಎಸಿಯಪ್ಪಾ!" ಎಂದು ಕೂಗಿದವಳು ನಾನೇ.

ಅಪ್ಪ ಟವಲಿನ ಸಮೇತ ಜಲ್ಲೆಯನ್ನು ಬೀಸಿ ಪೊದೆಯೊಳಕ್ಕೆ ಎಸೆದ. ಪಾಲುದಾರ ತಿರುಗಿದ. ಕಾರಿನ ಪಕ್ಕದಲ್ಲೇ, ಒಂದು ಮೊಳದ ಅಂತರದಲ್ಲಿ ಹಾದು ಪೊದೆಗೆ ನುಗ್ಗಿದ. ಗಾಡಿಗೆ ಸೊಂಡಿಲು ತಾಕಲಿಲ್ಲ. ಹುಡುಗಿಯನ್ನು ಕಾರಿಗೆ ತಳ್ಳಿ, ಅವಳ ಗಂಡನಿಗೆ ನನ್ನ ಭಂಡಾರದಲ್ಲಿದ್ದ ಬೈಗುಳವನ್ನೆಲ್ಲ ಕೊಟ್ಟು, ಕೇಸು ಬರೆದು ಕಳಿಸಿದೆ.

ಅಪ್ಪ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂತಿದ್ದ. ಪೊದೆಯೊಳಗೆ ಟವಲು ಹರಿಯುವ ಸದ್ದು ಕೇಳುತ್ತಿತ್ತು.

"ನನ್ನ ನೋಡ್ಲಿಲ್ಲ ಕಣಮ್ಮಿ" ಎಂದ. "ಇಷ್ಟು ವರ್ಸ ನನ್ ಗುರ್ತು ಇಡ್ದು ಬತ್ತಾನೆ ಅನ್ಕಂಡಿದ್ದೆ. ಅವನು ನೋಡಿದ್ದು ಟವಲ್ನ. ಅಡ್ಡ ಇದ್ದಿದ್ರೆ ನನ್ನೂ ತುಳ್ದು ಓಗನು."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಪಕ್ಕದಲ್ಲಿ ಕೂತೆ. ಅಪ್ಪನ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಆಮೇಲೆ ಅವನೇ, "ಬರಿ" ಎಂದ.

"ಏನು?"

"ಕೇಸು. ನಾನೂ ಎಸ್ದಿವ್ನಿ. ಬರಿ."

ಬರೆದೆ. ಹುಡುಗಿಯ ಜೀವ ಉಳಿಸಲು ನಾನೇ ಎಸೆಯಲು ಹೇಳಿದ್ದನ್ನೂ ಬರೆದೆ. ಅವನು ಜಲ್ಲೆ ತಂದದ್ದನ್ನೂ ಬರೆದೆ. ಅಪ್ಪ ಓದಿಸಿಕೊಂಡು ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಐದೂವರೆಗೆ ನಾನು ಚೆಕ್‌ಪೋಸ್ಟಿಗೆ ಹೋದರೆ ಅಪ್ಪ ನನಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಿಳಿ ಪಂಚೆ ಉಟ್ಟಿದ್ದ. ಕೈಯಲ್ಲಿ ಅರಿಶಿನದ ನೀರಿನಲ್ಲಿ ಅದ್ದಿದ ಬಟ್ಟೆಯ ಗಂಟು. ದೇವರಿಗೆ ತಪ್ಪು ಕಾಣಿಕೆ ಕಟ್ಟಿದ ಮುಡುಪು. ಲಾರಿಗಳ ಸಾಲಿನ ಮುಂದೆ ಅದನ್ನು ಎತ್ತಿ ಹಿಡಿದ.

"ಎಲ್ಲ ಇಳೀರ್ಲಾ ಕೆಳಕ್ಕೆ. ಈ ಚಾಳಿ ಶುರು ಮಾಡ್ದೋನು ನಾನು. ಮಾದಪ್ಪ ಎಡಗಡೆ ಊ ಕೊಟ್ಟ, ನಾನೇ ನೋಡಿವ್ನಿ. ಅಪ್ಪಣೆ ಇಲ್ದೆ ಇವತ್ತಿಂದ ಅರಕೆ ಮುರೀತಾ ಇವ್ನಿ. ಅದ್ಕೇ ಈ ತಪ್ಪು ಕಾಣ್ಕೆ. ನನ್ದೊಬ್ಬಂದಲ್ಲ, ನಿಮ್ಮೆಲ್ರುದೂ ಸೇರ್ಸಿ ಕಟ್ಟಿವ್ನಿ. ಯಾವನೂ ಜಲ್ಲೆ ಎಸ್ಯಂಗಿಲ್ಲ. ದೋಸ ಬಂದ್ರೆ ನನ್ ತಲೆ ಮ್ಯಾಲೆ ಬರ್ಲಿ."

ನಾನು ಒಂದು ವಾರ ಕಿರುಚಿ, ಬೋರ್ಡು ನೆಟ್ಟು, ಕೇಸು ಜಡಿದು ಮಾಡಲಾಗದ್ದನ್ನು ಅಪ್ಪ ಒಂದು ಹಳದಿ ಗಂಟಿನಿಂದ ಮಾಡುತ್ತಿದ್ದ. ನಂಬದವನು ಹರಕೆ ಮುರಿಯುವುದು ದೊಡ್ಡದಲ್ಲ. ಅಪ್ಪ ಪೂರ್ತಿ ನಂಬಿದವನು.

ಅಪ್ಸರಣ್ಣ ಕ್ಯಾಬಿನ್ನಿನಿಂದ ಇಳಿದು ಬಂದು ಅಪ್ಪನ ಪಕ್ಕ ನಿಂತರು. "ಮಹದೇವಣ್ಣ, ದೋಸ ಎಲ್ಲ ನಿಂಗೊಬ್ಬಂಗೇ ಯಾಕೆ? ನಂಗೂ ಒಂದ್ ಪಾಲು ಆಕು. ನಿಮ್ ದೇವ್ರ ಲೆಕ್ಕ ನಮ್ ದೇವ್ರಿಗೂ ಗೊತ್ತಾಯ್ತದೆ ಬುಡು." ಆಮೇಲೆ ಸಾಲಿನ ಕಡೆ ತಿರುಗಿ, "ಎಸ್ದೋನ ಲಾರಿ ನನ್ ಲಾರಿ ಹಿಂದೆ ಬರಬಾರ್ದು, ಅಷ್ಟೆ" ಎಂದರು.

ಅಪ್ಪ ಅವರ ಕ್ಯಾಬಿನ್ನೇ ಹತ್ತಿದ. ಆ ದಿನದಿಂದ ದಿನಾ ಬೆಳಿಗ್ಗೆ ಮೊದಲ ಲಾರಿಯಲ್ಲಿ ಅಪ್ಪ, ಅದರ ಮುಂದೆ ನನ್ನ ಜೀಪು. ಅಪ್ಪ ಊರಿಗೂ ಹೋಗದೆ ನನ್ನ ಕ್ವಾರ್ಟರ್ಸಿನಲ್ಲೇ ಉಳಿದ. "ಇಬ್ರೂ ಆನೆ ಮನೇಗೇ ಸೊಸೆಯಾಗಿ ಓಗಿ" ಎಂದು ಅವ್ವ ಫೋನಿನಲ್ಲಿ ಬಯ್ದಳು. ಪ್ರವಾಸಿ ಕಾರುಗಳನ್ನು ನಾನು ಗೇಟಿನಲ್ಲೇ ತಡೆದು, ತಿರುವಿನಲ್ಲಿ ನಿಂತರೆ ಏನಾಗುತ್ತದೆ, ಆನೆ ನೋಡಬೇಕಿದ್ದರೆ ಭಾನುವಾರ ಎಲ್ಲಿಗೆ ಬರಬೇಕು ಎಂದು ಹೇಳಿ ಕಳಿಸತೊಡಗಿದೆ.

ಪಾಲುದಾರ ಬಿಟ್ಟುಕೊಡಲಿಲ್ಲ. ಮೊದಲ ನಾಲ್ಕು ದಿನ ರಸ್ತೆಗೆ ಅಡ್ಡ ನಿಂತ. ನಾವು ಇಂಜಿನ್ ಆರಿಸಿ, ಗಾಜು ಏರಿಸಿ, ಹಾರ್ನು ಹೊಡೆಯದೆ ಕೂತೆವು. ಒಂದು ದಿನ ಅರ್ಧ ಗಂಟೆ, ಒಂದು ದಿನ ಒಂದೂವರೆ. ಹಿಂದಿನ ಲಾರಿಗಳವರು ಶಪಿಸಿದರು, ಆದರೆ ಯಾರೂ ಎಸೆಯಲಿಲ್ಲ.

ಇಪ್ಪತ್ತೊಂದನೆಯ ದಿನ ಅವನು ಜೀಪನ್ನು ದಾಟಿ ಸೀದಾ ಅಪ್ಸರಣ್ಣನ ಲಾರಿಯ ಹತ್ತಿರ ಹೋದ. ಲಾರಿಗೆ ಸೊಂಡಿಲು ಹಾಕಿದರೆ ಎಲ್ಲ ಮುಗಿದಂತೆ. ಆಗ ಅಪ್ಪ ಮಾಡಬಾರದ್ದನ್ನು ಮಾಡಿದ, ಗಾಜು ಇಳಿಸಿದ. ಅಪ್ಪ ಎರಡೂ ಅಂಗೈ ಬಿಚ್ಚಿ ಕಿಟಕಿಯಿಂದ ಹೊರಗೆ ಚಾಚಿದ. ಬರಿಗೈ.

"ಇಲ್ಲ ಕಣಪ್ಪ" ಎಂದ. "ಏನೂ ಇಲ್ಲ. ಇನ್ಮ್ಯಾಲೂ ಇಲ್ಲ. ಕಾಡಿಗ್ ಓಗು ನನ್ನಪ್ಪಾ."

ಸೊಂಡಿಲಿನ ತುದಿ ಅಪ್ಪನ ಎಡಗೈ ಮೂಸಿತು. ಬಲಗೈ ಮೂಸಿತು. ಮತ್ತೆ ಎಡಗೈ. ಲಾರಿಯ ಮೇಲೆ ಹತ್ತು ಟನ್ ಕಬ್ಬು ಟಾರ್ಪಾಲಿನ ಕೆಳಗೆ ಬಿಗಿಯಾಗಿ ಕಟ್ಟಿತ್ತು, ಅದರ ವಾಸನೆ ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಅವನು ನಿಂತ. ಅಪ್ಪನ ಕೈ ಹಿಂದಕ್ಕೆ ಹೋಗಲಿಲ್ಲ. ಕೊನೆಗೆ ಪಾಲುದಾರ ಒಮ್ಮೆ ಜೋರಾಗಿ ಉಸಿರು ಬಿಟ್ಟು, ತಿರುಗಿ, ಪೊದೆಯೊಳಗೆ ಇಳಿದ. ಹಸಿದುಕೊಂಡೇ ಹೋದ. ಅಪ್ಪ ಗಾಜು ಏರಿಸಿ ಮಗುವಿನಂತೆ ಅತ್ತ ಎಂದು ಅಪ್ಸರಣ್ಣ ಆಮೇಲೆ ಹೇಳಿದರು. ನಾನು ಜೀಪಿನಿಂದಿಳಿದು ಮೊದಲು ಅಪ್ಪನಿಗೆ ಚೆನ್ನಾಗಿ ಬಯ್ದೆ.

ಮುಂದೆ ಅವನು ದಿನ ಬಿಟ್ಟು ದಿನ ಬಂದ, ಆಮೇಲೆ ಮೂರು ದಿನ ಬಿಟ್ಟು ಒಮ್ಮೆ, ಆಮೇಲೆ ಬರಲಿಲ್ಲ. ಮೂವತ್ತನೆಯ ದಿನ ಸಾಹೇಬರು ಬಂದು ನನ್ನ ದಿನಚರಿ ಪುಸ್ತಕ ಓದಿದರು. ಅಪ್ಪನ ಮೇಲೆ ಬರೆದ ಕೇಸಿನ ಪುಟವನ್ನು ಎರಡು ಸಲ ಓದಿ ಮುಚ್ಚಿದರು. ಹಿಡಿಯುವ ಮಾತು ಮತ್ತೆ ಬರಲಿಲ್ಲ.

ಅದಾಗಿ ಎರಡು ತಿಂಗಳಿಗೆ ಒಂದು ಭಾನುವಾರ ಅಪ್ಪ ಕಾಡು ನಡಿಗೆಗೆ ಬಂದ. ಬೇರೆಯವರ ಹಾಗೇ ಹೆಸರು ಬರೆಸಿ, ಸಾಲಿನಲ್ಲಿ ನಡೆದು, ಏದುಸಿರು ಬಿಡುತ್ತಾ ಗೋಪುರ ಹತ್ತಿದ. ಹದಿನಾಲ್ಕು ಜನರಿದ್ದರು. ಕೆಳಗೆ ಬಿದಿರು ಮೆಳೆಯಲ್ಲಿ ಏನೋ ಅಲ್ಲಾಡಿತು. ಒಂದು ಪುಟ್ಟ ಹುಡುಗಿ ದುರ್ಬೀನಿನಲ್ಲಿ ನೋಡಿ, "ಆಂಟಿ, ಅದರ ಕಿವಿ ಹರ್ದೋಗಿದೆ!" ಎಂದು ಪಿಸುಗುಟ್ಟಿದಳು.

ದುರ್ಬೀನು ಕೈಯಿಂದ ಕೈಗೆ ಹೋಗಿ ಅಪ್ಪನಿಗೆ ಬಂತು. ಪಾಲುದಾರ ಒಂದು ಬಿದಿರು ಬಗ್ಗಿಸಿ, ಮುರಿದು, ಅವಸರವಿಲ್ಲದೆ ತಿನ್ನುತ್ತಿದ್ದ. ಅಪ್ಪ ಬಹಳ ಹೊತ್ತು ನೋಡಿದ. ಹಿಂದಿನವರು ತಮ್ಮ ಸರದಿಗೆ ಕಾಯುತ್ತಿದ್ದರು, ನಾನು ಸುಮ್ಮನಿರಿ ಎಂದು ಕಣ್ಣಲ್ಲೇ ಗದರಿದೆ.

"ಅಮ್ಮಿ, ನಾನಿಲ್ಲಿ ನಿಂತಿರಾದು ಅವನಿಗೆ ಗೊತ್ತಾಯ್ತದಾ?"

"ಇಲ್ಲಪ್ಪಾ. ಗಾಳಿ ಆ ಕಡೆಯಿಂದ ಬೀಸ್ತಾ ಅದೆ. ನಮ್ಮ ವಾಸನೆನೂ ಅವನಿಗೆ ಹೋಗಲ್ಲ."

ಅಪ್ಪ ದುರ್ಬೀನನ್ನು ಕಣ್ಣಿನಿಂದ ಇಳಿಸಿ, ಅಂಗಿಯ ತುದಿಯಲ್ಲಿ ಅದರ ಗಾಜು ಒರೆಸಿ, ಹಿಂದೆ ನಿಂತವರಿಗೆ ಕೊಟ್ಟ.

"ಒಳ್ಳೇದಾಯ್ತು ಬುಡು" ಎಂದ.